ನೂರರಾಚೆಯ ಸಾಲು

ಆ ಊರಿನಲ್ಲಿ ಮನುಷ್ಯರನ್ನು ಕಲ್ಲಿನಿಂದ ಅಳೆಯುತ್ತಿದ್ದರು. ನನಗೆ ಆ ಊರಿನ ಮೇಲೆ ಸಿಟ್ಟಿದೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಥೆ ಹೇಳುವುದು ನನ್ನಿಂದಾಗದು. ಆದರೂ ಅವರ ಕಟ್ಟಳೆಯನ್ನು ಇದ್ದದ್ದು ಇದ್ದ ಹಾಗೆಯೇ ಹೇಳುತ್ತೇನೆ, ಯಾಕೆಂದರೆ ಹಾಳಾದ್ದು, ಅದಕ್ಕೊಂದು ಅಂದವೂ ಇತ್ತು.

ಹೆಣ್ಣು ಬಸುರಾದಳೆಂದು ತಿಳಿದಾಗಿನಿಂದ ಹೆರುವವರೆಗೆ ಹೊಳೆಗೆ ಹೋಗಿ ಬೆಣಚುಕಲ್ಲು ಆಯ್ದು ತರಬೇಕು. ಎಷ್ಟು ತರಬೇಕೆಂದು ಯಾರೂ ಹೇಳುವಂತಿಲ್ಲ. ಎಷ್ಟು ತಂದೆನೆಂದು ಅವಳೂ ಎಣಿಸುವಂತಿಲ್ಲ. ಮಡಿಲು ತುಂಬಿ ತಂದು ಜಗಲಿಯ ಮೂಲೆಯಲ್ಲಿ ಸುರಿಯುತ್ತಾಳೆ. ಮಗು ಅತ್ತ ಗಳಿಗೆಗೆ ಗುಡ್ಡೆ ನಿಲ್ಲುತ್ತದೆ. ಆ ಗುಡ್ಡೆಯಲ್ಲಿ ಎಷ್ಟು ಕಲ್ಲೋ ಅದೇ ಮಗುವಿನ ಸಂಖ್ಯೆ. ಹೆಸರಿಗಿಂತ ಮೊದಲು ಅದು, ಹೆಸರಿಗಿಂತ ಮೇಲೂ ಅದೇ.

ಆಮೇಲೆ ಗುಡ್ಡೆಯನ್ನು ಸಾಲಿನ ಅಂಗಳಕ್ಕೆ ತರುತ್ತಾರೆ. ಅಂಗಳವೆಂದರೆ ಊರ ನಡುವೆ ಈ ತುದಿಯಿಂದ ಆ ತುದಿಯವರೆಗೆ ಚಾಚಿಕೊಂಡಿದ್ದ ಜಾಗ. ಉದ್ದ ಬೇಕಾದಷ್ಟಿತ್ತು. ಅಗಲ ಮಾತ್ರ ಎರಡು ಗೋಡೆಗಳ ನಡುವೆ, ಗೇಣಿಗೊಂದು ಕಲ್ಲಿಟ್ಟರೆ ಸರಿಯಾಗಿ ನೂರು ಕಲ್ಲು. ಸಾಲಿಗರು ಎಂಬವರು ಗುಡ್ಡೆಯನ್ನು ಅಲ್ಲಿ ಸಾಲಾಗಿ ಇಡುತ್ತಾರೆ. ಮೊದಲು ಎರಡೆರಡಾಗಿ. ಆಮೇಲೆ ಮೂರು ಮೂರಾಗಿ. ಆಮೇಲೆ ನಾಲ್ಕು, ಐದು, ಆರು, ಹೀಗೆ ಅಗಲಿಸುತ್ತಾ ನೂರರವರೆಗೆ. ಯಾವುದಾದರೂ ಒಂದು ಅಗಲದಲ್ಲಿ ಕಟ್ಟಕಡೆಯ ಸಾಲೂ ತುಂಬಿ, ಒಂದು ಕಲ್ಲೂ ಹೊರಗುಳಿಯದಿದ್ದರೆ ‘ಸಾಲು ನಿಂತಿತು’ ಎಂದು ಕೂಗುತ್ತಾರೆ. ಆ ಮಗು ಊರಿನ ಪಂಕ್ತಿಗೆ ಸೇರಿತು.

ಯಾವ ಅಗಲಕ್ಕೂ ಬಗ್ಗದೆ ಪ್ರತಿ ಸಲವೂ ಒಂದೋ ಎರಡೋ ಹತ್ತೋ ಕಲ್ಲು ಮಿಕ್ಕರೆ ಆ ಮಗು ಒಂಟಿ. ತನ್ನನ್ನು ಪಾಲು ಮಾಡಲು ಬಿಡದವರಿಗೆ ನಮ್ಮಲ್ಲಿ ಪಾಲಿಲ್ಲ ಎನ್ನುವುದು ಕಟ್ಟಳೆ. ಅದನ್ನು ಅದರ ಗುಡ್ಡೆಯ ಸಮೇತ ಊರಬಾಗಿಲಾಚೆಯ ಬಯಲಿನಲ್ಲಿ ಬಿಟ್ಟು ಬರುತ್ತಾರೆ. ಅಲ್ಲಿರುವ ಹಳೆಯ ಒಂಟಿಗಳು ಎತ್ತಿಕೊಂಡರೆ ಉಂಟು.

ಪಂಕ್ತಿಯೊಳಗೂ ಎಲ್ಲರೂ ಸಮವಲ್ಲ. ಗುಡ್ಡೆ ಯಾವ ಯಾವ ಅಗಲದಲ್ಲಿ ನಿಂತಿತು, ಎಷ್ಟೆಷ್ಟು ಸಾಲಾಗಿ ನಿಂತಿತು, ಅವೆಲ್ಲ ಅದರ ಪಾಲುಗಳು. ಒಂದು ಎನ್ನುವುದು ಎಲ್ಲರಿಗೂ ಸಿಗುವ ಪಾಲು. ಪಾಲುಗಳನ್ನೆಲ್ಲ ಕೂಡಿದರೆ ಗುಡ್ಡೆಗಿಂತ ಕಡಿಮೆ ಬಂದರೆ ಅವರು ಕೊರತೆಯವರು, ಹೆಚ್ಚು ಬಂದರೆ ಮಿಗಿಲಿನವರು. ಸರಿಸಮ ಬಂದರೆ ತುಂಬಿದವರು. ಆರು ಕಲ್ಲನ್ನೇ ತೆಗೆದುಕೊಳ್ಳಿ, ಒಂದು, ಎರಡು, ಮೂರು ಅದರ ಪಾಲುಗಳು. ಕೂಡಿದರೆ ಮತ್ತೆ ಆರೇ. ಇಂಥದ್ದು ಬಲು ಅಪರೂಪ. ಆ ಕಾಲದಲ್ಲಿ ಊರಿಗೆಲ್ಲ ತುಂಬಿದವನು ಒಬ್ಬನೇ ಇದ್ದ. ಅವನ ಸಂಖ್ಯೆ ಎಂಟು ಸಾವಿರದ ನೂರ ಇಪ್ಪತ್ತೆಂಟು. ಅವನೇ ಹಿರಿಯ ಸಾಲಿಗ. ಪಂಕ್ತಿಯ ತಲೆಯಲ್ಲಿ ಅವನ ಎಲೆ. ಆಮೇಲೆ ಮಿಗಿಲಿನವರು, ಆಮೇಲೆ ಕೊರತೆಯವರು, ಕೊರತೆ ಹೆಚ್ಚಾದಷ್ಟೂ ಬಾಲದ ಕಡೆಗೆ. ದಿನಕ್ಕೊಂದು ಊಟ, ಅದೂ ಅಂಗಳದ ಪಂಕ್ತಿಯಲ್ಲಿ. ಮಕ್ಕಳ ಗಂಜಿಗೆ ಬಿಟ್ಟು ಮನೆಗಳಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ. ಪಂಕ್ತಿಗೆ ಬೇಯಿಸಿದ ಅನ್ನ ಬಾಗಿಲು ದಾಟುವಂತಿರಲಿಲ್ಲ.

ಇಂಥ ಊರಿನಲ್ಲಿ ಒಬ್ಬ ತಾಯಿ ಇದ್ದಳು. ಅವಳ ಸಂಖ್ಯೆ ಏಳು ಸಾವಿರದ ಐನೂರ ಅರವತ್ತು. ಎರಡರಿಂದ ಹತ್ತರವರೆಗೆ ಹೇಗಿಟ್ಟರೂ ನಿಲ್ಲುವ ಸಂಖ್ಯೆ. ಮಿಗಿಲಿನವರಲ್ಲೇ ಮಿಗಿಲು, ತಲೆಗೆ ಹತ್ತಿರದ ಎಲೆ. ಬಸುರಿಯಾದಾಗ ಅವಳಿಗೆ ಎಲ್ಲಿಲ್ಲದ ಹುಮ್ಮಸ್ಸು. ಮಳೆಯೆನ್ನಲಿಲ್ಲ, ಬಿಸಿಲೆನ್ನಲಿಲ್ಲ, ಹೊಳೆಗೆ ಹೋದಳು. ಬೇರೆ ಹೆಂಗಸರು ಒಂದು ಸಲ ಹೋದರೆ ಅವಳು ಎರಡು ಸಲ ಹೋದಳು. ಹೊಟ್ಟೆಯೊಳಗಿನದರ ಮೇಲಿನ ಆಸೆಯನ್ನೆಲ್ಲ ಕಲ್ಲಾಗಿ ಸುರಿದಳು. ಮಗಳು ಹುಟ್ಟಿದಾಗ ಗುಡ್ಡೆ ಹತ್ತು ಸಾವಿರದ ನಾನೂರ ಮೂರಕ್ಕೆ ನಿಂತಿತ್ತು.

ಅಷ್ಟು ದೊಡ್ಡ ಗುಡ್ಡೆಯನ್ನು ಊರು ಕಂಡಿರಲಿಲ್ಲ. ಹತ್ತು ಸಾವಿರದ ಇನ್ನೂರರೊಳಗಿನ ಗುಡ್ಡೆಯಾದರೆ ನೂರರ ಅಂಗಳ ಸಾಕು. ಅದು ಎಲ್ಲಾದರೂ ನಿಲ್ಲುವುದಿದ್ದರೆ ನೂರರೊಳಗೇ ನಿಲ್ಲುತ್ತದೆ. ಅದಕ್ಕಿಂತ ದೊಡ್ಡದಾದರೆ ಆ ಭರವಸೆ ಇಲ್ಲ. ಗೋಡೆ ಕಟ್ಟಿದ ಮುತ್ತಜ್ಜಂದಿರಿಗೆ ಇದು ಗೊತ್ತಿತ್ತೇನೋ. ಮೊಮ್ಮಕ್ಕಳು ಗೋಡೆಯನ್ನು ಉಳಿಸಿಕೊಂಡು ಕಾರಣವನ್ನು ಮರೆತಿದ್ದರು. ಸಾಲಿಗರು ಕಲ್ಲಿಟ್ಟರು. ಎರಡರಲ್ಲಿ ಒಂದು ಮಿಕ್ಕಿತು. ಮೂರರಲ್ಲಿ ಎರಡು ಮಿಕ್ಕಿತು. ಏಳರಲ್ಲಿ ಒಂದು. ಕೊನೆಗೆ ನೂರರಲ್ಲಿ ಮೂರು ಕಲ್ಲು ಮಿಕ್ಕಿದವು. ಹಿರಿಯ ಸಾಲಿಗ ಆ ಮೂರು ಕಲ್ಲನ್ನು ಎತ್ತಿ ತಾಯಿಯ ಅಂಗೈಯಲ್ಲಿಟ್ಟು, "ಒಂಟಿ ಕಣಮ್ಮ," ಅಂದ.

ತಾಯಿ ಅಳಲಿಲ್ಲ. ಮಗುವನ್ನು ಎತ್ತಿಕೊಂಡು, ಗುಡ್ಡೆಯನ್ನು ಗೋಣಿಗಳಲ್ಲಿ ತುಂಬಿಸಿಕೊಂಡು, ಮಗುವಿನ ಜೊತೆ ತಾನೂ ಬಾಗಿಲು ದಾಟಿದಳು. ಹಾಗೆ ಹೋದವರು ಅದುವರೆಗೆ ಯಾರೂ ಇರಲಿಲ್ಲ. ಊರು ಒಂದಿಷ್ಟು ಹೊತ್ತು ಅದನ್ನೇ ಮಾತಾಡಿಕೊಂಡು ಊಟಕ್ಕೆ ಕೂತಿತು.

ಬಯಲಿನಲ್ಲಿ ಒಬ್ಬ ಮುದುಕನಿದ್ದ. ಅವನೂ ಒಂಟಿ, ಅವನ ಸಂಖ್ಯೆ ಹತ್ತು ಸಾವಿರದ ಏಳು. ಅವನ ಗುಡಿಸಲ ಪಕ್ಕದಲ್ಲೇ ತಾಯಿ ಗುಡಿಸಲು ಹಾಕಿದಳು. ಬಯಲಿನ ನೆಲ ಕಲ್ಲುನೆಲ. ಸೊಪ್ಪು, ಗೆಡ್ಡೆ, ಹೊಳೆಯಾಚೆ ಬಿದ್ದ ನವಣೆಯ ತೆನೆ, ಇಷ್ಟೇ ಅನ್ನ. ಮುದುಕ ಸಿಕ್ಕಿದ್ದರಲ್ಲಿ ಅರ್ಧ ಮಗುವಿಗೆ ಕೊಡುತ್ತಿದ್ದ. ತಾಯಿ ತನ್ನದರಲ್ಲಿ ಪೂರಾ ಕೊಡುತ್ತಿದ್ದಳು.

ದಿನಾ ಊಟದ ಹೊತ್ತಿಗೆ ತಾಯಿ ಬಾಗಿಲ ಬಳಿ ಹೋಗಿ ಮಗುವಿಗೆಂದು ಕೈ ಒಡ್ಡಿ ನಿಲ್ಲುತ್ತಿದ್ದಳು. ಒಳಗೆ ಸಾಲಾಗಿ ಎಲೆಗಳು, ಎಲೆಯ ಮೇಲೆ ಅನ್ನ, ಅನ್ನದ ಮೇಲೆ ತೊವ್ವೆ. ಅವಳ ಅಕ್ಕ ಅಲ್ಲೇ ನಡುಸಾಲಿನಲ್ಲಿ ಕೂತಿರುತ್ತಿದ್ದಳು. ಯಾರೂ ಬೈಯಲಿಲ್ಲ, ಯಾರೂ ಅಟ್ಟಲಿಲ್ಲ. "ಪಂಕ್ತಿಯ ಅನ್ನ ಆಚೆ ಬರೋ ಹಾಗಿಲ್ಲವಲ್ಲಮ್ಮ," ಎಂದು ಮೆಲ್ಲಗೆ ಹೇಳಿ ಎಲೆ ಮಡಚಿ ಏಳುತ್ತಿದ್ದರು. ಬೈದಿದ್ದರೆ ನನ್ನ ಸಿಟ್ಟು ಇಷ್ಟು ಇರುತ್ತಿರಲಿಲ್ಲ.

ಮಿಕ್ಕ ಹೊತ್ತೆಲ್ಲ ತಾಯಿ ಮಗಳ ಗುಡ್ಡೆಯನ್ನು ಸಾಲಿಡುತ್ತಿದ್ದಳು. ಎರಡರಲ್ಲಿಟ್ಟಳು, ಮೂರರಲ್ಲಿಟ್ಟಳು, ಸಾಲಿಗರು ಎಲ್ಲಾದರೂ ಕೈತಪ್ಪಿದ್ದಾರೇನೋ ಎಂದು ಹನ್ನೊಂದರಲ್ಲಿ, ಹದಿಮೂರರಲ್ಲಿ, ತೊಂಬತ್ತೇಳರಲ್ಲಿ ಮತ್ತೆ ಮತ್ತೆ ಇಟ್ಟಳು. ನೂರಕ್ಕೆ ಬಂದಾಗ ಮೂರು ಕಲ್ಲು ಮಿಗುತ್ತಿತ್ತು. ಆಗ ಎಲ್ಲವನ್ನೂ ಕಲಸಿ ಎರಡರಿಂದ ಶುರು ಮಾಡುತ್ತಿದ್ದಳು. ಸುತ್ತ ಎತ್ತ ನೋಡಿದರೂ ಬಯಲು. ಗೋಡೆಯೇ ಇಲ್ಲದ ಆ ಬಯಲಿನಲ್ಲಿಯೂ ಅವಳು ನೂರಕ್ಕೆ ನಿಲ್ಲುತ್ತಿದ್ದಳು. ಸಾಲಿಡುತ್ತಾ ಸಾಲಿಡುತ್ತಾ ಒಂದು ದಿನ ಹಾಗೆಯೇ ಒರಗಿಕೊಂಡಳು. ಹಸಿವಿನಿಂದ ಸತ್ತಳು. ಬೇರೆ ಮಾತಿನಲ್ಲಿ ಹೇಳಿದರೆ ಸುಳ್ಳಾಗುತ್ತದೆ.

ಆ ಹೊತ್ತಿಗೆ ಮಗಳು ಬೆಳೆದು ನಿಂತಿದ್ದಳು. ಮುದುಕನೂ ಅವಳೂ ಸೇರಿ ತಾಯಿಯನ್ನು ಗುಡಿಸಲ ಮುಂದೆಯೇ ಮಣ್ಣು ಮಾಡಿದರು. ಮಣ್ಣಿನ ಮೇಲೆ ಹೊದಿಸಲು ಅವಳ ಬಳಿ ಬೇರೇನೂ ಇರಲಿಲ್ಲ, ಕಲ್ಲಿದ್ದವು. ಅಮ್ಮ ಹೊಟ್ಟೆಯಲ್ಲಿ ಹೊತ್ತಾಗ ಆಯ್ದು ತಂದ ಕಲ್ಲು, ಅಮ್ಮನಿಗೇ ಹೊದಿಸುತ್ತೇನೆ ಎಂದು ಒತ್ತೊತ್ತಾಗಿ ಇಡುತ್ತಾ ಹೋದಳು. ನಾಲ್ಕು ಬದಿಯೂ ಸಮವಾಗಿರಲಿ ಎಂಬುದಷ್ಟೇ ಅವಳ ಮನಸ್ಸಿನಲ್ಲಿ ಇದ್ದದ್ದು. ಅವಳು ಅಂಗಳದಲ್ಲಿ ಕಲ್ಲಿಟ್ಟವಳಲ್ಲ. ನೂರಕ್ಕೆ ನಿಲ್ಲಬೇಕೆಂದು ಅವಳ ಕೈಗೆ ಗೊತ್ತಿರಲಿಲ್ಲ.

ಚೌಕ ಹೆಚ್ಚು ಕಡಿಮೆ ಮುಗಿಯಿತು. ಆದರೆ ಕೊನೆಯ ಸಾಲಿನ ಕೊನೆಯ ಮೂಲೆಗೆ ಕಲ್ಲು ಸಾಲಲಿಲ್ಲ. ಒಂದೇ ಒಂದು ಕಲ್ಲು ಕಡಿಮೆ. ಗುಡಿಸಲೆಲ್ಲ ಹುಡುಕಿದಳು, ಗೋಣಿ ಕೊಡವಿದಳು. ಮುದುಕ, "ಹೊಳೆಯಿಂದ ಒಂದು ತತ್ತೀನಿ ಬಿಡು," ಅಂದ. ಅವಳು ಒಪ್ಪಲಿಲ್ಲ. ಅಮ್ಮ ತಂದದ್ದಲ್ಲದ ಕಲ್ಲು ಅಮ್ಮನ ಮೇಲೆ ಬೇಡ. ಮೂಲೆ ಖಾಲಿ ಬಿಡಲೂ ಮನಸ್ಸಾಗಲಿಲ್ಲ. ಸಿಟ್ಟಿನಿಂದ ಆ ಅರೆಕೊರೆ ಸಾಲನ್ನೇ ಕಿತ್ತು, ಉಳಿದ ಸಾಲುಗಳ ಬದಿಗೆ, ಒಂದೊಂದು ಸಾಲಿನ ತುದಿಗೆ ಒಂದೊಂದರಂತೆ, ಮೇಲಿನಿಂದ ಕೆಳಗೆ ಇಟ್ಟಳು. ಕೊನೆಯ ಕಲ್ಲು ಕೊನೆಯ ಸಾಲಿನ ತುದಿಗೆ ಬಂತು. ಕೈಯಲ್ಲಿ ಏನೂ ಉಳಿಯಲಿಲ್ಲ. ನೆಲದಲ್ಲಿ ಎಲ್ಲಿಯೂ ಖಾಲಿಯಿರಲಿಲ್ಲ.

ಮುದುಕ ಬಗ್ಗಿ ನೋಡಿದ. ಬೆರಳಿಟ್ಟು ಅಡ್ಡಕ್ಕೆ ಎಣಿಸಿದ, ನೂರ ಮೂರು. ಉದ್ದಕ್ಕೆ ಎಣಿಸಿದ, ನೂರ ಒಂದು. ಕೂತೇ ಬಿಟ್ಟ.

"ಮಗಾ, ಇದು ಸಾಲು ಕಣೆ," ಅಂದ. "ನಿಂದು ಸಾಲು ನಿಂತದೆ."

"ಅಂದ್ರೆ?"

"ಅಂದ್ರೆ ನೀನು ಒಂಟಿಯಲ್ಲ. ಯಾವತ್ತೂ ಆಗಿರಲಿಲ್ಲ. ಅವರ ಅಂಗಳ ಇನ್ನೊಂದು ಗೇಣು ಅಗಲ ಇದ್ದಿದ್ರೆ ನಿಮ್ಮಮ್ಮ ಇವತ್ತು ಉಂಡುಕೊಂಡು ಇರ್ತಿದ್ಲು."

"ಅಮ್ಮ ಯಾಕೆ ನೂರಕ್ಕೆ ನಿಲ್ಲಿಸ್ತಿದ್ಲು?"

"ಅಲ್ಲಿ ಗೋಡೆ ಬತ್ತದಲ್ಲ."

"ಇಲ್ಲೆಲ್ಲಿದೆ ತಾತ ಗೋಡೆ?"

ಮಗಳು ಎದ್ದು ಮುದುಕನ ಗುಡ್ಡೆಯನ್ನು ಬಯಲಿಗೆಳೆದು ಅದನ್ನೂ ಸಾಲಿಡತೊಡಗಿದಳು. ನೂರರೊಳಗೆ ಇಟ್ಟಳು, ನೂರ ಒಂದರಲ್ಲಿಟ್ಟಳು, ಇನ್ನೂರರಲ್ಲಿಟ್ಟಳು. ಎಲ್ಲಿಟ್ಟರೂ ಕಲ್ಲು ಮಿಕ್ಕಿತು. ಮುದುಕ ನಕ್ಕ.

"ಬಿಡು ಮಗಾ. ನಂದು ಅಪ್ಪಟ ಒಂಟಿ. ಅವರ ಲೆಕ್ಕ ಸರಿಯಾಗೇ ಅದೆ."

"ಅವರ ಲೆಕ್ಕ ತಪ್ಪಿದ್ದಕ್ಕೆ ಅಮ್ಮ ಸತ್ತಳು. ಲೆಕ್ಕ ಸರಿಯಾಗಿದ್ದಕ್ಕೆ ನೀನು ಇಲ್ಲಿ ಮಣ್ಣು ತಿಂದುಕೊಂಡು ಮುದುಕನಾದೆ," ಅಂದಳು ಮಗಳು. "ಇದರಲ್ಲಿ ಯಾವುದು ದೊಡ್ಡ ಅನ್ಯಾಯ ಅಂತ ನನಗೆ ಹೇಳು."

ಅವಳ ಕಣ್ಣು ನೋಡಿ ಮುದುಕನಿಗೆ ಹೆದರಿಕೆಯಾಯಿತು. "ಸಾಲು ತೋರ್ಸು, ಒಳಕ್ಕೆ ಹೋಗು, ಉಂಡುಕೊಂಡು ಚೆನ್ನಾಗಿರು," ಅಂದ.

"ಹೋಗ್ತೀನಿ. ಚೆನ್ನಾಗಿರೋದಕ್ಕಲ್ಲ."

ಮಾರನೆಯ ದಿನ ಅವಳು ಅಮ್ಮನ ಮೇಲಿನ ಕಲ್ಲುಗಳನ್ನು ಮತ್ತೆ ಗೋಣಿಗೆ ತುಂಬಿ ಬಾಗಿಲ ಮುಂದೆ ಸುರಿದಳು. ಊರು ಗೋಡೆ ಹತ್ತಿ ನೋಡಿತು. ಅವಳು ಸುಮ್ಮನೆ ಚೌಕವನ್ನಿಟ್ಟಳು. ಮೂಲೆ ಖಾಲಿ ಬಿತ್ತು. ಗೋಡೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವಳು ಕೊನೆಯ ಸಾಲನ್ನು ಎತ್ತಿ ಬದಿಗೆ ನಿಲ್ಲಿಸಿದಳು. ನಗು ನಿಂತಿತು.

ಹಿರಿಯ ಸಾಲಿಗ ಬಾಗಿಲು ತೆರೆಸಿ ಹೊರಗೆ ಬಂದ. ಬಿಳಿ ಗಡ್ಡ, ಬಿಳಿ ಪಂಚೆ, ಸೊಟ್ಟಗಾಗದ ಬೆನ್ನು. ಸಾಲಿನುದ್ದಕ್ಕೂ ನಡೆದು ಬಂದ, ಬದಿಗೆ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಅವನ ಮುಖದಲ್ಲಿ ನಾಚಿಕೆ ಕಾಣಲಿಲ್ಲ, ಸಂತೋಷ ಕಂಡಿತು. ಲೆಕ್ಕದ ಮೇಲೆ ಅವನಿಗೆ ನಿಜವಾದ ಪ್ರೀತಿಯಿತ್ತು. ಅವನು ಕೆಟ್ಟವನಾಗಿದ್ದರೆ ಈ ಕಥೆ ಹೇಳಲು ಸುಲಭವಾಗುತ್ತಿತ್ತು.

"ಎಷ್ಟು ಚೆನ್ನಾಗಿ ನಿಂತಿದೆ," ಅಂದ. "ಒಂದು ಕಲ್ಲು ಕಡಿಮೆಯಾದ ಚೌಕ. ಅದಕ್ಕೇ ಸಾಲು ತಿರುಗಿಸಿದರೆ ಕೂಡುತ್ತದೆ. ನಮ್ಮ ಅಂಗಳ ಇದಕ್ಕೆ ಚಿಕ್ಕದಾಯಿತು ತಾಯಿ. ಅಂಗಳದ ತಪ್ಪು."

"ಅಂಗಳದ ತಪ್ಪೇ ಯಜಮಾನರೇ?"

"ಕಟ್ಟಳೆಯ ದೊಡ್ಡತನ ಇದೇ ನೋಡು. ತಪ್ಪು ಕಂಡರೆ ತಿದ್ದಿಕೊಳ್ಳುತ್ತದೆ. ಇವತ್ತಿನಿಂದ ನೀನು ಪಂಕ್ತಿಯವಳು."

"ನನ್ನ ತಾಯಿ ದಿನಾ ಈ ಬಾಗಿಲಲ್ಲಿ ಕೈ ಒಡ್ಡುತ್ತಿದ್ದಳು."

"ಅವಳು ತಾನಾಗಿ ಹೋದವಳು. ಅವಳ ಎಲೆಯನ್ನು ನಾವು ಯಾರಿಗೂ ಕೊಡಲಿಲ್ಲ," ಅಂದ ಹಿರಿಯ ಸಾಲಿಗ, ತಾನು ಮಾಡಿದ ಉಪಕಾರವನ್ನು ನೆನಪಿಸುವವನಂತೆ.

ಮಗಳು ತಲೆಬಾಗಿದಳು. ಅವನು ಅದನ್ನು ವಿನಯ ಎಂದುಕೊಂಡ. ಅವಳು ಹಲ್ಲು ಕಚ್ಚಿದ್ದು ಕಾಣದಿರಲೆಂದು ತಲೆಬಾಗಿಸಿದ್ದಳು.

ಸಾಲಿಗರು ಅಲ್ಲೇ ನಿಂತು ಅವಳ ಪಾಲುಗಳನ್ನು ಕೂಡಿದರು. ನೂರ ಒಂದು, ನೂರ ಮೂರು, ಮೇಲೊಂದು. ಇನ್ನೂರ ಐದು. ಹತ್ತು ಸಾವಿರ ದಾಟಿದ ಗುಡ್ಡೆಗೆ ಇನ್ನೂರ ಐದು. ಅಷ್ಟು ಕೊರತೆಯವರು ಊರಿನಲ್ಲಿ ಮತ್ತೊಬ್ಬರಿರಲಿಲ್ಲ. ಅವಳಿಗೆ ಪಂಕ್ತಿಯ ಕಟ್ಟಕಡೆಯ ಎಲೆ ಸಿಕ್ಕಿತು. ಅವಳಿಗೆ ಬೇಕಾದದ್ದೂ ಅದೇ.

ಯಾಕೆಂದರೆ ಆ ಊರಿಗೆ ತನ್ನ ನ್ಯಾಯವನ್ನು ತಾನೇ ಮೆಚ್ಚಿಕೊಳ್ಳುವ ಚಟವಿತ್ತು. ನಮ್ಮಲ್ಲಿ ಕಡೆಯವರಿಗೇ ಮೊದಲು ಎನ್ನುತ್ತಿದ್ದರು. ಬಡಿಸಿದ ಮೇಲೆ ಕಟ್ಟಕಡೆಯ ಎಲೆಯವರು ಮೊದಲ ತುತ್ತು ಎತ್ತಬೇಕು, ಆಮೇಲೆ ಮಿಕ್ಕವರು. ಕಡೆಯ ಎಲೆ ಮಡಚಿದರೆ ಊಟ ಮುಗಿಯಿತು, ಎಲ್ಲರೂ ಏಳಬೇಕು. ಕಡೆಯವರ ತುತ್ತಿಗಿಂತ ಮೊದಲು ಕೈ ಹಾಕಿದವನು, ಮಡಚಿದ ಮೇಲೂ ಉಂಡವನು, ನಡುವೆ ಎದ್ದವನು, ಯಾರೇ ಆಗಲಿ, ಅವನ ಸಂಖ್ಯೆ ಏನೇ ಇರಲಿ, ಒಂಟಿ. ಕಡೆಯ ಎಲೆಯವರು ಯಾವಾಗಲೂ ಬಡಕಲು ಮನುಷ್ಯರು. ಬಡಿಸುವ ಮೊದಲೇ ಅವರ ಕೈ ಎಲೆಯ ಮೇಲಿರುತ್ತಿತ್ತು. ಇದನ್ನೆಲ್ಲ ಮಗಳು ಬಯಲಿನ ಬಾಗಿಲಲ್ಲಿ ಅಮ್ಮನ ಸೆರಗು ಹಿಡಿದು ನಿಂತು ನೋಡಿ ಬೆಳೆದವಳು.

ಮಧ್ಯಾಹ್ನ ಪಂಕ್ತಿ ಕೂತಿತು. ತಲೆಯಲ್ಲಿ ಹಿರಿಯ ಸಾಲಿಗ, ಬಾಲದಲ್ಲಿ ಮಗಳು, ನಡುವೆ ಇಡೀ ಊರು. ಬಡಿಸುವವರು ಬಡಿಸಿ ತಮ್ಮ ತಮ್ಮ ಎಲೆಗಳಲ್ಲಿ ಕೂತರು. ಅನ್ನದ ಹಬೆ ಎದ್ದಿತು. ಮಗಳು ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡಳು.

ಊರು ಕಾಯಿತು. ಹೊಸಬಳು, ಸಂಕೋಚವಿರಬೇಕು ಎಂದುಕೊಂಡಿತು. ಹಬೆ ಇಳಿಯಿತು. ತೊವ್ವೆ ಕೆನೆಗಟ್ಟಿತು. ಅವಳ ಪಕ್ಕದ ಎಲೆಯವನು, ಅಲ್ಲಿಯವರೆಗೆ ಕಡೆಯ ಎಲೆಯಲ್ಲಿ ಕೂರುತ್ತಿದ್ದ ಬಡಕಲ, "ತಗಳಮ್ಮ, ತುತ್ತು ಎತ್ತು," ಅಂದ. ಅವಳು ಅವನತ್ತ ನೋಡಲಿಲ್ಲ. ನೊಣ ಬಂದವು. ಬಿಸಿಲು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಯಿತು. ಕತ್ತಲಾಯಿತು. ಯಾರೂ ಏಳಲಿಲ್ಲ, ಏಳುವಂತಿರಲಿಲ್ಲ. ಬೆಳಕಾದಾಗ ಅನ್ನ ಎಲೆಗಳ ಮೇಲೆ ಗಟ್ಟಿಯಾಗಿ ಕೂತಿತ್ತು, ಊರು ಅನ್ನದ ಮುಂದೆ ಕೂತಿತ್ತು.

ಎದ್ದು ಹೋಗಿ ಕೇಳುವಂತಿಲ್ಲವಲ್ಲ, ಹಾಗಾಗಿ ಮಾತು ಬಾಯಿಂದ ಬಾಯಿಗೆ ಬಂತು. ತಲೆಯಿಂದ ಹೊರಟು, ಒಬ್ಬರು ಪಕ್ಕದವರಿಗೆ ಹೇಳಿ, ಅವರು ತಮ್ಮ ಪಕ್ಕದವರಿಗೆ ಹೇಳಿ, ಹಿರಿಯ ಸಾಲಿಗನ ಪ್ರಶ್ನೆ ಬಾಲಕ್ಕೆ ಮುಟ್ಟಿತು. ಬಡಕಲ ಕೇಳಿದ, "ಏನು ಬೇಕು ನಿನಗೆ? ಮೇಲಿನ ಎಲೆ ಬೇಕಾ ಅಂತ ಕೇಳ್ತಾರೆ ಯಜಮಾನರು."

"ನನ್ನ ತಾಯಿಯನ್ನು ತಂದು ಕೂರಿಸಿ ಅನ್ನು," ಅಂದಳು.

ಬಡಕಲ ಪಕ್ಕಕ್ಕೆ ತಿರುಗಿ, "ನನ್ನ ತಾಯಿಯನ್ನು ತಂದು ಕೂರಿಸಿ," ಅಂದ. ಅವನ ಪಕ್ಕದವಳು ತನ್ನ ಪಕ್ಕಕ್ಕೆ ತಿರುಗಿ, "ನನ್ನ ತಾಯಿಯನ್ನು ತಂದು ಕೂರಿಸಿ," ಅಂದಳು. ಆ ಮಾತು ಪಂಕ್ತಿಯುದ್ದಕ್ಕೂ ಹೋಯಿತು. ಮಗಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಅಮ್ಮ ಬಾಗಿಲಲ್ಲಿ ನಿಂತಾಗ ತುಟಿ ಬಿಚ್ಚದ ಊರು ಈಗ ಒಬ್ಬೊಬ್ಬರಾಗಿ ಅಮ್ಮನನ್ನು ಕೇಳುತ್ತಿತ್ತು. ಅವಳಿಗೆ ಅದು ಹಿತವಾಗಿತ್ತು. ನನಗೂ ಹಿತವೇ.

ಉತ್ತರ ಬಂತು. "ಅವಳು ಸತ್ತುಹೋಗಿದ್ದಾಳಂತೆ."

"ಕೊಂದವರು ಯಾರು ಅಂತ ಕೇಳು."

ಕೊಂದವರು ಯಾರು, ಕೊಂದವರು ಯಾರು. ಒಣಗಿದ ನಾಲಿಗೆಗಳು ಆ ಪ್ರಶ್ನೆಯನ್ನು ಹೊತ್ತು ಮೇಲಕ್ಕೆ ಹೋದವು. ಪ್ರತಿಯೊಬ್ಬನೂ ಅದನ್ನು ಪಕ್ಕದವನ ಮುಖ ನೋಡಿ ಕೇಳಬೇಕಾಯಿತು. ಪ್ರತಿಯೊಬ್ಬನೂ ಅದನ್ನು ತನ್ನ ಮುಖಕ್ಕೆ ಕೇಳಿಸಿಕೊಳ್ಳಬೇಕಾಯಿತು. ತಲೆಯಲ್ಲಿ ಹಿರಿಯ ಸಾಲಿಗ ಬಹಳ ಯೋಚಿಸಿ, "ಸಂಖ್ಯೆ," ಅಂದ. ಅವನಿಗೆ ಅದು ನಿಜವೆಂದೇ ಅನಿಸಿತ್ತು.

ಸಂಖ್ಯೆ, ಸಂಖ್ಯೆ ಎನ್ನುತ್ತಾ ಉತ್ತರ ಇಳಿದು ಬಂತು. ನಡುಸಾಲಿಗೆ ಬಂದು ನಿಂತುಹೋಯಿತು. ಅಲ್ಲಿ ಮಗಳ ದೊಡ್ಡಮ್ಮ ಕೂತಿದ್ದಳು. ಸಂಖ್ಯೆ ಎಂಬ ಮಾತು ಅವಳ ಕಿವಿಗೆ ಬಿತ್ತು, ಬಾಯಿಂದ ಹೊರಡಲಿಲ್ಲ. ಕೆಳಗಿನ ಪಕ್ಕದವನು ಕೇಳಿದ, "ಏನಂದರು? ಹೇಳಿ ಬೇಗ." ಅವಳು ತನ್ನ ಎಲೆಯನ್ನೇ ನೋಡುತ್ತಿದ್ದಳು. ಕೊನೆಗೆ, "ನಾವು," ಅಂದಳು.

"ಸರಿಯಾಗಿ ಹೇಳಿ. ಅವರು ಅಂದದ್ದೇ ಹೇಳಬೇಕು."

"ಅವರು ಅಂದದ್ದು ನನಗೆ ಬೇಡ. ನನ್ನ ತಂಗಿ ಆ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳನ್ನು ನೋಡಿಕೊಂಡೇ ಮೊಸರನ್ನ ಕಲಸಿದೆ. ನಾವು ಕೊಂದೆವು ಅಂತ ಹೇಳು."

ಆ ಮಾತೇ ಕೆಳಗಿಳಿಯಿತು. ನಾವು ಕೊಂದೆವು, ನಾವು ಕೊಂದೆವು. ಕೆಲವರು ಅಳುತ್ತಾ ಹೇಳಿದರು, ಕೆಲವರು ಬೇಗ ಮುಗಿಯಲಿ ಎಂದು ಹೇಳಿದರು. ಬಡಕಲ ಮಗಳತ್ತ ತಿರುಗಿ ಅದನ್ನೇ ಹೇಳಿದ.

ಮಗಳು ಕೈ ಎತ್ತಿದಳು. ಎಲೆಯ ಮೇಲಿನ ತಣ್ಣನೆಯ ಅನ್ನವನ್ನು ಒಂದು ತುತ್ತಾಗುವಷ್ಟು ಒತ್ತಿದಳು. ಇಡೀ ಊರಿನ ಕಣ್ಣು ಆ ತುತ್ತಿನ ಮೇಲೆ ನೆ‌ಟ್ಟಿತು. ಎಲ್ಲರ ಕೈಗಳೂ ತಮ್ಮ ತಮ್ಮ ಎಲೆಯ ಅಂಚಿಗೆ ಬಂದವು. ಒಪ್ಪಿಕೊಂಡೆವಲ್ಲ, ಇನ್ನು ಮುಗಿಯಿತು ಎಂದು ಎಲ್ಲರಿಗೂ ಅನಿಸಿತು. ಅವಳಿಗೂ ಒಂದು ಗಳಿಗೆ ಹಾಗೆ ಅನಿಸಿರಬಹುದು.

ಅವಳು ತುತ್ತನ್ನು ಮತ್ತೆ ಅನ್ನಕ್ಕೇ ಹಾಕಿದಳು. ಎಲೆಯ ಈ ಅಂಚನ್ನು ಎತ್ತಿ ಆ ಅಂಚಿಗೆ ತಂದು, ಅಂಗೈಯಿಂದ ಸವರಿ, ಎಲೆ ಮಡಚಿದಳು.

ಊಟ ಮುಗಿಯಿತು. ಕಟ್ಟಳೆಯ ಪ್ರಕಾರ ಈಗ ಎಲ್ಲರೂ ಏಳಬೇಕು. ಒಬ್ಬರೂ ಏಳಲಿಲ್ಲ. ಆಮೇಲೆ ಪಂಕ್ತಿಯ ತಲೆಯಲ್ಲಿ, ಎಂಟು ಸಾವಿರದ ನೂರ ಇಪ್ಪತ್ತೆಂಟು ಕಲ್ಲಿನ ತುಂಬಿದವನು, ತನ್ನ ಕೈ ಅನ್ನಕ್ಕೆ ಹೋಗುವುದನ್ನು ತಾನೇ ಬೆರಗಿನಿಂದ ನೋಡಿದ. ಮೊದಲ ತುತ್ತು ನುಂಗಿದ ಮೇಲೆ ಅವನು ಎರಡೂ ಕೈಯಲ್ಲಿ ತಿಂದ. ಅವನನ್ನು ನೋಡಿ ಪಕ್ಕದವನು ತಿಂದ. ಪಂಕ್ತಿಯುದ್ದಕ್ಕೂ ತಲೆಗಳು ಬಗ್ಗಿದವು. ಹಳಸಿದ ತೊವ್ವೆ, ನೊಣ ಬಿದ್ದ ಹುಳಿ, ಕಲ್ಲಾದ ಅನ್ನ, ಎಲ್ಲವನ್ನೂ ತಿಂದರು. ತಮ್ಮ ಕೈಯಿಂದ ತಾವೇ ಒಬ್ಬೊಬ್ಬರಾಗಿ ಒಂಟಿಗಳಾದರು.

ಮಗಳು ಎದ್ದು ಪಂಕ್ತಿಯ ಪಕ್ಕದಲ್ಲೇ ನಡೆದಳು. ಯಾರೂ ತಲೆ ಎತ್ತಲಿಲ್ಲ. ನಡುಸಾಲಿನಲ್ಲಿ ಒಂದು ಎಲೆಗೆ ಮಾತ್ರ ಯಾರೂ ಕೈ ಹಾಕಿರಲಿಲ್ಲ. ದೊಡ್ಡಮ್ಮ ಹಾಗೇ ಕೂತು ಅವಳನ್ನು ನೋಡುತ್ತಿದ್ದಳು.

"ನಾನು ನಿನ್ನ ಜೊತೆ ಬರ್ತೀನಿ ಮಗಳೇ," ಅಂದಳು.

"ನೀನೂ ಉಣ್ಣು ದೊಡ್ಡಮ್ಮ," ಅಂದಳು ಮಗಳು. "ಅಮ್ಮನ ಮುಂದೆ ಉಂಡೆಯಲ್ಲ. ಈಗ ನನ್ನ ಮುಂದೆ ಉಣ್ಣು."

ಅವಳು ಅಲ್ಲೇ ನಿಂತಳು. ದೊಡ್ಡಮ್ಮ ತುತ್ತು ಕಲಸಿ, ಬಾಯಿಗಿಟ್ಟು, ಅಗಿದು, ನುಂಗುವವರೆಗೂ ನಿಂತಿದ್ದಳು. ಆಮೇಲೆ ಬಾಗಿಲ ಕಡೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಯಾರು ಯಾರನ್ನು ಹೊರಗಿಟ್ಟು ಅದನ್ನು ಮುಚ್ಚಬೇಕೆಂದು ಇನ್ನು ಒಳಗಿನವರಿಗೇ ತಿಳಿಯದು.

ಹೊರಗೆ ಮುದುಕ ಕೋಲೂರಿಕೊಂಡು ಕಾಯುತ್ತಿದ್ದ. ಅವಳ ಬಾಡಿದ ಮುಖ ನೋಡಿ ಗಾಬರಿಯಿಂದ ಹತ್ತಿರ ಬಂದ.

"ಉಂಡ್ಯಾ ಮಗಾ?"

"ಅವರದ್ದಾಯ್ತು ತಾತ," ಅಂದಳು. "ನಮಗೆ ಗಂಜಿ ಇದೆಯಾ?"